ಹುಳದ ಕೋಣೆಯ ಬ್ರಿಡ್ಜ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 11

ಮತ್ತೆ ಹುಣಸೆಮರದ ಕೆಳಗೆ. ಪ್ಲಾಸ್ಟಿಕ್ ಕುರ್ಚಿ, ಲ್ಯಾಪ್‌ಟಾಪ್, ನೀರಿನ ಬಾಟಲಿ. ಇವತ್ತು ಎರಡನೇ ದಿನ. ನಾಳೆ ಇನ್ನೊಂದು.

ರೇಷ್ಮೆಯ ಮರಿಹುಳ ಸಾಕಿ ರೈತರಿಗೆ ಕೊಡುವ ಈ ಚಾಕಿ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಕಂಪ್ಯೂಟರ್ ಇರುವುದು ರೇಷ್ಮೆಹುಳದ ಕೋಣೆಯ ಒಳಗೆ. ತಿಂಗಳಿಗೆ ಮೂರು ದಿನ ನಾನು ಹೊರಗೆ. ಮುಟ್ಟಾದವಳು ಒಳಗೆ ಹೋದರೆ ಮರಿಹುಳ ಸಾಯುತ್ತವಂತೆ. ಆಫೀಸಿನಲ್ಲಿ ಕೂರಬಹುದು, ಆದರೆ ದೇವರ ಫೋಟೋ ಇರುವ ಕಡೆ ಬೇಡ. ಫೋಟೋ ಇಲ್ಲದ ಗೋಡೆ ಅಲ್ಲಿ ಒಂದೂ ಇಲ್ಲ. ಅದಕ್ಕೇ ಮರ.

ಯಂತ್ರವನ್ನು ಆಫೀಸಿಗೆ ತರೋಣ ಎಂದು ನರಸಿಂಹಪ್ಪನವರಿಗೆ ನಾಲ್ಕು ಸಲ ಹೇಳಿದೆ. ಕೇಂದ್ರದ ಮಾಲೀಕರು ಅವರು. ಆಫೀಸಿಗೆ ಇಲಿ ಬರುತ್ತವಂತೆ, ಹುಳದ ಕೋಣೆಯಲ್ಲಿ ಎಸಿ ಇದೆಯಂತೆ. ಸರಿ. ಇಲಿಗೆ ಹೆದರಿ ನನ್ನನ್ನು ಮರದ ಕೆಳಗೆ ಕೂರಿಸಿದ್ದಾರೆ.

ಲೆಕ್ಕ ಇಡುವವರು ಅವರ ತಾಯಿ ಲಕ್ಷ್ಮಿದೇವಮ್ಮ. ಆಫೀಸಿನ ಜಗಲಿಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗುರುತು. ಓದು ಬರಹ ಬರದು. ಒಬ್ಬೊಬ್ಬಳಿಗೆ ಒಂದೊಂದು ಚಿಹ್ನೆ — ನನಗೆ ಗೆರೆ, ಶಮ್ಸುನ್ನೀಸಾ ಆಪಾಗೆ ಸೊನ್ನೆ, ಸೊಪ್ಪು ಕತ್ತರಿಸುವ ಇಬ್ಬರಿಗೆ ಚುಕ್ಕಿ ಮತ್ತು ಕೊಕ್ಕೆ. ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ, ಅದರ ಪಕ್ಕ ನನ್ನ ಮೈ. ಬಂದು ಹೋಗುವ ರೈತರೆಲ್ಲ ಅದರ ಮುಂದೆಯೇ ನಿಂತು ಕಾಫಿ ಕುಡಿಯುತ್ತಾರೆ.

ಸಾಕು. ಇದಕ್ಕೊಂದು ದಾರಿ ಮಾಡುತ್ತೇನೆ.

ಒಂದು ಲಿನಕ್ಸ್ ಯಂತ್ರ, ಅದರೊಳಗೆ ಮೂರು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲಷ್ಟೇ ಇರುವ ಕಂಪ್ಯೂಟರ್. ಮೊದಲನೆಯದು ಕೋಣೆಗಳ ಬಿಸಿ, ತೇವ ಅಳೆದು ಮಂಜು ಊದುವ ಮೆಷಿನ್ ನಡೆಸುತ್ತದೆ. ಎರಡನೆಯದು ರೈತರ ಬುಕಿಂಗ್. ಮೂರನೆಯದು ಬಾಗಿಲಿನ ಬೆರಳಚ್ಚು. ನರಸಿಂಹಪ್ಪನವರು ಬಂದವರಿಗೆಲ್ಲ ಒಂದು ತೆಗೆದುಕೊಂಡೆ, ಮೂರು ಸಿಕ್ಕಿತು ಎಂದು ಹೇಳಿಕೊಂಡು ತಿರುಗುತ್ತಾರೆ. ಮೂರೂ ಈಗ ನ್ಯಾಟ್ ಎಂಬ ಗೋಡೆಯ ಹಿಂದಿವೆ. ಅವು ಹೊರಗೆ ಬರಬಹುದು, ಹೊರಗಿನಿಂದ ಯಾರೂ ಅವುಗಳ ಹತ್ತಿರ ಹೋಗುವಂತಿಲ್ಲ. ನಾನು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ಲಿನಕ್ಸ್ ಯಂತ್ರದ ತನಕ ಹೋಗಬಹುದು, ಅಲ್ಲಿಂದ ಮುಂದೆ ಬರೀ ಸುತ್ತುಬಳಸು. ಯಂತ್ರದೊಳಗೆ ಬ್ರಿಡ್ಜ್, ಅಂದರೆ ನೆಟ್‌ವರ್ಕಿನ ಸೇತುವೆ, ಕಟ್ಟಿದರೆ ಮೂರಕ್ಕೂ ರೂಟರಿನಿಂದಲೇ ಒಂದೊಂದು ವಿಳಾಸ ಸಿಗುತ್ತದೆ. ಆಮೇಲೆ ಆಫೀಸಿನಿಂದಲಾದರೂ ತೆರೆ, ಮರದ ಕೆಳಗಿನಿಂದಲಾದರೂ ತೆರೆ. ಒಳಗೆ ಕಾಲಿಡುವ ಅಗತ್ಯವೇ ಇಲ್ಲ.

ನಾಲ್ಕನೇ ದಿನದ ತಲೆಸ್ನಾನಕ್ಕೆ ಕಾಯುವುದಿಲ್ಲ. ನಾಳೆಯೇ. ಇಲ್ಲಿಂದಲೇ.


ಮಾರ್ಚ್ 5, ಬುಧವಾರ. ಸಂಜೆ 7.40, ಮನೆ

ಮಾಡಿದೆ. ಹಾಳು ಮಾಡಿದೆ.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬ್ರಿಡ್ಜ್ ಹೆಸರು br0. ಕೇಬಲ್ ಇರುವ ಪೋರ್ಟನ್ನು ಅದಕ್ಕೆ ಸೇರಿಸಿದೆ. ಒಂದೇ ಸಾಲು. ಎಂಟರ್. ಸ್ಕ್ರೀನ್ ನಿಂತಿತು. ಕರ್ಸರ್ ಕೂಡ ಮಿಟುಕಲಿಲ್ಲ... ಯಂತ್ರದ ವಿಳಾಸ ಇದ್ದದ್ದು ಆ ಪೋರ್ಟಿನ ಮೇಲೆ. ಮೊದಲು ವಿಳಾಸವನ್ನು ಬ್ರಿಡ್ಜ್‌ಗೆ ಕೊಡಬೇಕಿತ್ತು. ಚಿಂತಾಮಣಿಯಲ್ಲಿ ಡಿಪ್ಲೊಮಾ ಎರಡನೇ ವರ್ಷದಲ್ಲೇ ಕಲಿತದ್ದು. ಲ್ಯಾಬಿನಲ್ಲಿ ಹುಡುಗರು ಹೀಗೆ ಮಾಡಿದಾಗ ನಕ್ಕವಳು ನಾನು.

ನನ್ನ ಸಂಪರ್ಕ ಹೋಯಿತು. ಸೆನ್ಸರ್‌ಗಳ ಸಂಪರ್ಕವೂ ಹೋಯಿತು. ಸರಿಮಾಡಲು ಒಳಗೆ ಹೋಗಿ ಕೀಬೋರ್ಡ್ ಮುಟ್ಟಬೇಕು. ನಾನು ಹೋಗುವಂತಿಲ್ಲ.

ಒಳಗೆ ಶಮ್ಸು ಆಪಾ ಇದ್ದಳು. ಹನ್ನೊಂದು ವರ್ಷದಿಂದ ಇಲ್ಲಿ ಮರಿಹುಳಕ್ಕೆ ಸೊಪ್ಪು ಹಾಕುವವಳು. ಇಂಗ್ಲಿಷ್ ಅಕ್ಷರ ಗುರುತು ಸಿಗುತ್ತದೆ, ಅಷ್ಟೇ. ಕಿಟಕಿಯ ಸೊಳ್ಳೆ ಜಾಲರಿಗೆ ಬಾಯಿ ಇಟ್ಟು ಒಂದೊಂದೇ ಅಕ್ಷರ ಹೇಳಿದೆ. ಸ್ಪೇಸ್ ಎಂದರೆ ಯಾವುದು ಎಂದು ಅರ್ಧ ಗಂಟೆ. ಸ್ಲ್ಯಾಷ್ ಎತ್ತ ಬಾಗಿರುತ್ತದೆ ಎಂದು ಇನ್ನರ್ಧ ಗಂಟೆ. ಕಿರುಚಿದೆ. ಅವಳು ರಂಜಾನಿನ ರೋಜಾ ಇದ್ದಳು, ಬೆಳಗಿನಿಂದ ಗಂಟಲಿಗೆ ಹನಿ ನೀರು ಬಿದ್ದಿಲ್ಲ, ಆದರೂ ಒಂದು ಮಾತು ತಿರುಗಿ ಆಡಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಆಫ್ ಮಾಡಿ ಆನ್ ಮಾಡಲೇ ಎಂದು ಕೇಳಿದಳು. ಮುಟ್ಟಬೇಡ, ಎಲ್ಲ ಕೆಟ್ಟುಹೋಗುತ್ತದೆ ಎಂದು ಗದರಿದೆ.

ನಾಲ್ಕೂವರೆಗೆ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದಳು.

"ನೀನೇ ಒಳಗ್ಬಾಮ್ಮ. ಅಮ್ಮ ಮಲ್ಕೊಂಡವ್ರೆ. ಯಾರೂ ನೋಡಲ್ಲ."

ಹೋಗಲಿಲ್ಲ. ನಾಳೆ ಹುಳಕ್ಕೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂದು ಹೆದರಿದೆ. ಬಾಯಲ್ಲಿ ಹೇಳಿದ್ದು ಬೇರೆ — ನಾನು ಕದ್ದು ಕೆಲಸ ಮಾಡುವವಳಲ್ಲ ಎಂದು. ಅವಳು ಕೀಬೋರ್ಡಿಗೆ ಹಿಂತಿರುಗಿದಳು.

ಆರೂವರೆಗೆ ಅಲ್ಲೇ ನಿಂತು ಒಂದು ಖರ್ಜೂರ, ಒಂದು ಲೋಟ ನೀರಿನಲ್ಲಿ ರೋಜಾ ಬಿಟ್ಟಳು. ಆಮೇಲೆ ನನ್ನನ್ನು ಕೇಳದೆ ಪವರ್ ಬಟನ್ ಒತ್ತಿದಳು. ಯಂತ್ರ ಆಫ್ ಆಗಿ ಆನ್ ಆಯಿತು. ನನ್ನ ಆ ಒಂದು ಸಾಲು ಎಲ್ಲೂ ಸೇವ್ ಆಗಿರಲಿಲ್ಲ, ಅಳಿಸಿಹೋಯಿತು. 6.50ಕ್ಕೆ ಎಲ್ಲ ಮೊದಲಿನ ಹಾಗೆ. ನಾಲ್ಕು ಗಂಟೆ ನಲವತ್ತು ನಿಮಿಷ ನಾನು ಕಿರುಚಿದ್ದು ದಂಡ.

ಅದಲ್ಲ ಬರೆಯಬೇಕಾದದ್ದು. ಬರೆಯುತ್ತೇನೆ.

ಎರಡನೇ ಕೋಣೆಯ ಹುಳ ಮಧ್ಯಾಹ್ನದಿಂದ ಎರಡನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಮೇವಿಲ್ಲ, ಅಲುಗಾಡಿಸುವಂತಿಲ್ಲ, ಸುಣ್ಣ ಉದುರಿಸಿ ಕೋಣೆ ಒಣಗಿಸಬೇಕು. ಮಂಜು ನಿಲ್ಲಬೇಕಿದ್ದದ್ದು 2.15ಕ್ಕೆ. ನಿಲ್ಲು ಎಂದು ಹೇಳುವ ಕಂಪ್ಯೂಟರಿನ ದಾರಿಯನ್ನು 2.10ಕ್ಕೆ ನಾನು ಕಡಿದಿದ್ದೆ. ಮಂಜಿನ ಮೆಷಿನ್ ಊದುತ್ತಲೇ ಇತ್ತು. ಅದರ ಸ್ವಿಚ್ ಪಕ್ಕ ಒಂದು ಬೋರ್ಡ್: ಮುಟ್ಟಬಾರದು, ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಲ್ಯಾಮಿನೇಟ್ ಮಾಡಿಸಿ ಅಂಟಿಸಿದವಳೂ ನಾನೇ.

ಮಧ್ಯೆ ಒಂದು ಸಲ ಶಮ್ಸು ಆಪಾ, ಮಂಜು ಇನ್ನೂ ಬರ್ತಾನೇ ಐತಲ್ಲಮ್ಮ ಎಂದಳು. ಮೊದಲು ನಾನು ಹೇಳಿದ್ದನ್ನು ಟೈಪ್ ಮಾಡು ಎಂದೆ.


ಮಾರ್ಚ್ 6, ಗುರುವಾರ. ಮಧ್ಯಾಹ್ನ

ತಲೆಸ್ನಾನ ಆಯಿತು. ಲಕ್ಷ್ಮಿದೇವಮ್ಮ ನನ್ನ ಒದ್ದೆ ಕೂದಲು ನೋಡಿ ತಲೆ ಆಡಿಸಿದರು. ಪ್ರವೇಶ ಸಿಕ್ಕಿತು.

ಯಂತ್ರದ ಎದುರು ಕೂತು ಸರಿಯಾಗಿ ಮಾಡಿದೆ. ಮೊದಲು ಬ್ರಿಡ್ಜ್‌ಗೆ ವಿಳಾಸ, ಆಮೇಲೆ ಅದಕ್ಕೆ ಪೋರ್ಟ್, ಎಲ್ಲವೂ ಫೈಲಿನಲ್ಲಿ ಬರೆದು. ಮೂರು ಮೆಷಿನ್‌ಗಳನ್ನೂ ಬ್ರಿಡ್ಜ್‌ಗೆ ಹಾಕಿದೆ. ನಲವತ್ತು ನಿಮಿಷದ ಕೆಲಸ. ನಲವತ್ತೇ ನಿಮಿಷ.

ಆಫೀಸಿನ ಸ್ಕ್ರೀನಿನಲ್ಲಿ ಮೂರೂ ತೆರೆದವು. ನರಸಿಂಹಪ್ಪನವರಿಗೆ ಖುಷಿಯೋ ಖುಷಿ. ಯಾವಳು ಎಷ್ಟು ಹೊತ್ತಿಗೆ ಬಾಗಿಲಿಗೆ ಬೆರಳಿಟ್ಟಳು ಎಂಬುದೂ ಕೂತಲ್ಲೇ ಕಾಣುತ್ತದೆ ಎಂದು ಮೂರು ಸಲ ನೋಡಿದರು. ಶಿಡ್ಲಘಟ್ಟದಿಂದ ಬೋಂಡ ತರಿಸಿದರು. ನಾನೂ ಬೋಂಡ ತಿಂದೆ.

ಎರಡನೇ ಕೋಣೆಯಲ್ಲಿ ಕೆಲವು ಹುಳ ಎದ್ದಿವೆ. ಕೆಲವು ಇನ್ನೂ ಕೂತೇ ಇವೆ. ಎಲ್ಲ ಒಟ್ಟಿಗೆ ಏಳಬೇಕು. ಹವಾ ಸರಿಯಿಲ್ಲ ಎಂದು ನರಸಿಂಹಪ್ಪನವರೇ ಕಾರಣ ಹುಡುಕಿಕೊಂಡರು.


ಮಾರ್ಚ್ 8, ಶನಿವಾರ

ಎರಡನೇ ಕೋಣೆಯ ಹುಳ ಹೋದವು. ಪೆರೇಸಂದ್ರದ ಕಡೆಯ ರೈತ ಚೆನ್ನರಾಯಪ್ಪ ಅವನ್ನು ಟೆಂಪೋದಲ್ಲಿ ಒಯ್ದರು. ತಟ್ಟೆ ಬಗ್ಗಿಸಿ ನೋಡಿ, ಹುಳ ಸಮ ಇಲ್ಲವಲ್ಲ ಎಂದು ಕೇಳಿದರು. ಕೇಳಿದ್ದು ನನ್ನನ್ನು. ಬುಕಿಂಗ್ ರಸೀತಿ ಕೈಗೆ ಕೊಟ್ಟೆ.


ಮಾರ್ಚ್ 19, ಬುಧವಾರ. ಸಂಜೆ

ಇವತ್ತಿನ ಸಿಟ್ಟಿಗೆ ಹೆಸರಿಲ್ಲ.

ಮಧ್ಯಾಹ್ನ ಸೊಪ್ಪಿನ ಶೆಡ್ಡಿನ ಹಿಂದೆ ಶಮ್ಸು ಆಪಾ ನೀರು ಕುಡಿಯುತ್ತಿದ್ದಳು. ರೋಜಾ ಇಲ್ಲವಾ ಎಂದೆ, ಸುಮ್ಮನೆ. ಮೂರು ದಿನ ಇಲ್ಲಮ್ಮ, ಆಮೇಲೆ ಹಿಡಿದು ತೀರಿಸಬೇಕು ಎಂದಳು, ಅದೂ ಸುಮ್ಮನೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮುಟ್ಟಾದ ದಿನ ರೋಜಾ ಹಿಡಿಯುವಂತಿಲ್ಲ. ಕ್ಯಾಲೆಂಡರ್‌ನಲ್ಲಿ ನಿನ್ನೆಯಿಂದ ಸೊನ್ನೆ ಇದೆ. ಲೆಕ್ಕದಲ್ಲಿ ಅವಳು ಶೆಡ್ಡಿನಲ್ಲಿ ಸೊಪ್ಪು ಕತ್ತರಿಸುತ್ತಿರಬೇಕು. ಬೆಳಗಿನಿಂದ ಅವಳು ಹುಳದ ಕೋಣೆಯಲ್ಲಿ ಇದ್ದದ್ದನ್ನು ನಾನೇ ನೋಡಿದ್ದೇನೆ.

ಹನ್ನೊಂದು ವರ್ಷದಿಂದ ಹೀಗೇ ಅಂತೆ. ಅವಳೊಬ್ಬಳೇ ಅಲ್ಲ. ಚುಕ್ಕಿಯೂ, ಕೊಕ್ಕೆಯೂ. ಲಕ್ಷ್ಮಿದೇವಮ್ಮನಿಗೆ ತಪ್ಪದೆ ಹೇಳುತ್ತಾರೆ, ಗುರುತು ಹಾಕಿಸಿಕೊಳ್ಳುತ್ತಾರೆ, ಶೆಡ್ಡಿನ ಹಿಂದಿನಿಂದ ಸುತ್ತಿ ಒಳಗೆ ಹೋಗಿ ಕೆಲಸ ಮಾಡುತ್ತಾರೆ.

"ಹುಳ ಹಸ್ಕೊಂಡಿರ್ತಾವಲ್ಲಮ್ಮ. ದಿನಕ್ಕೆ ಮೂರು ಸಲ ಸೊಪ್ಪು ಹಾಕ್ಬೇಕು. ಇರೋದೇ ಮೂರು ಜನ. ಯಾರು ಹಾಕ್ತಾರೆ?"

ಹನ್ನೊಂದು ವರ್ಷದಲ್ಲಿ ಒಂದು ಬೆಳೆ ಕೆಟ್ಟಿಲ್ಲ. ಜಿಲ್ಲೆಯಲ್ಲೆಲ್ಲ ನರಸಿಂಹಪ್ಪನವರ ಚಾಕಿ ಎಂದರೆ ಹೆಸರು. ಆ ಹೆಸರಿಗೆ ಕಾರಣ ಮಡಿ ಎಂದು ಲಕ್ಷ್ಮಿದೇವಮ್ಮ ಜಗಲಿಯಲ್ಲಿ ಕೂತು ಹೇಳುತ್ತಿರುತ್ತಾರೆ. ಮರದ ಕೆಳಗೆ ನಿಜವಾಗಿ ಕೂತವಳು ಇಡೀ ಕೇಂದ್ರದಲ್ಲಿ ನಾನೊಬ್ಬಳೇ. ಪೆದ್ದಿ.

ನನಗೇಕೆ ಮೊದಲೇ ಹೇಳಲಿಲ್ಲ ಎಂದು ರೇಗಿದೆ.

"ನೀನು ಓದ್ದೋಳು. ಯಾರಾದ್ರೂ ಕೇಳಿದ್ರೆ ನಿಜ ಹೇಳ್ಬಿಡ್ತೀಯ ಅಂತ ಭಯ ಆಯ್ತು."

ಬಾಗಿಲಿನಲ್ಲಿ ಬೆರಳು ಇಡುತ್ತೀರಲ್ಲ, ಅದು ಯಾರ ಬೆರಳು, ಯಾವ ದಿನ ಎಂದು ಬರೆದಿಟ್ಟುಕೊಳ್ಳುತ್ತದೆ ಎಂದು ಹೇಳಿದೆ. ಅದು ಬಾಗಿಲು ತೆಗೆಯುವುದಕ್ಕೆ ಮಾತ್ರ ಎಂದುಕೊಂಡಿದ್ದಳಂತೆ ಆಪಾ. ಅವಳಿಗೆ ಬೆರಳಿಡುವುದನ್ನು ಕಲಿಸಿದ ದಿನ ನಾನು ಅಷ್ಟನ್ನೂ ಹೇಳಿರಲಿಲ್ಲ.


ಮಾರ್ಚ್ 25, ಮಂಗಳವಾರ

ಚೆನ್ನರಾಯಪ್ಪನವರ ಬೆಳೆ ಹೋಯಿತು. ಮುಕ್ಕಾಲು ಹುಳ ಗೂಡು ಕಟ್ಟಲಿಲ್ಲ. ಫೋನಿನಲ್ಲಿ ಅವರ ದನಿ ಆಫೀಸಿಗೆಲ್ಲ ಕೇಳಿಸುತ್ತಿತ್ತು. ನಿಮ್ಮಲ್ಲಿ ಮೈಲಿಗೆ ಆಗಿದೆ, ಗೂಡಿನ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದರು. ನರಸಿಂಹಪ್ಪನವರು ಹಣೆ ಒರೆಸಿಕೊಳ್ಳುತ್ತ, ಬನ್ನಿ, ಕೂತು ಮಾತಾಡಣ ಎನ್ನುತ್ತಿದ್ದರು.

ಸೆನ್ಸರ್ ಲಾಗ್ ತೆರೆದೆ. ಎರಡನೇ ಕೋಣೆ, ಮಾರ್ಚ್ 5. 2.10ರಿಂದ 6.50ರವರೆಗೆ ಖಾಲಿ. ಆಮೇಲಿನ ಮೊದಲ ಸಾಲು — ತೇವ 96. ಇರಬೇಕಾದದ್ದು 70ರ ಒಳಗೆ.

ಮುಚ್ಚಿದೆ. ಯಾರಿಗೂ ತೋರಿಸಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.


ಮಾರ್ಚ್ 26, ಬುಧವಾರ. ಸಂಜೆ 6

ನರಸಿಂಹಪ್ಪನವರು ಉಪಾಯ ಕಂಡುಹಿಡಿದಿದ್ದಾರೆ.

ಮೂರು ತಿಂಗಳ ಬೆರಳಚ್ಚಿನ ಪಟ್ಟಿ ಪ್ರಿಂಟ್ ಮಾಡಬೇಕು. ಅಮ್ಮನ ಕ್ಯಾಲೆಂಡರ್ ಪಕ್ಕ ಇಡಬೇಕು. ಗುರುತು ಇರುವ ದಿನ ಆಯಾ ಹೆಂಗಸು ಒಳಗೆ ಹೋಗಿಲ್ಲ ಎಂದು ಚೆನ್ನರಾಯಪ್ಪನಿಗೆ ಬೆರಳು ಇಟ್ಟು ತೋರಿಸಬೇಕು. ಶುಕ್ರವಾರ ಹನ್ನೊಂದಕ್ಕೆ ಅವರು ಬರುತ್ತಾರೆ.

"ಎಲ್ಲಾ ಕಂಪ್ಯೂಟ್ರಲ್ಲೇ ಐತಲ್ಲಮ್ಮ, ನೀನೇ ಮಾಡಿದ್ದು. ಯಾವಳಾದ್ರೂ ಸಿಕ್ಕಿದ್ಲೋ, ಅವತ್ತೇ ಆಚೆಗೆ."

ನಾನೇ ಮಾಡಿದ್ದು. ಹೌದು. ಮರದ ಕೆಳಗೆ ಕೂತು, ಒಳಗೆ ಹೋಗದೆ ಕೆಲಸ ಮಾಡಬೇಕೆಂದು ಹಟ ಹಿಡಿದು ಕಟ್ಟಿದ ಬ್ರಿಡ್ಜ್. ಅದರ ಮೇಲೆ ಈಗ ಮೂರು ಹೆಂಗಸರನ್ನು ಆಚೆಗೆ ಕಳಿಸಬೇಕು. ಅದೂ ನಾನು ಕೆಡಿಸಿದ ಹುಳಕ್ಕೆ.

ಶಮ್ಸು ಆಪಾಗೆ ಹೇಳಿದೆ. ಕೈ ತೊಳೆದುಕೊಂಡು ಸೊಪ್ಪು ಹಾಕಲು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.


ಮಾರ್ಚ್ 27, ಗುರುವಾರ. ಮಧ್ಯಾಹ್ನ 1.30

ಪಟ್ಟಿ ತಿದ್ದಲೇ ಎಂದು ಯೋಚಿಸಿದೆ. ಸುಳ್ಳು ಪಟ್ಟಿ ಕೊಟ್ಟರೆ ಲಕ್ಷ್ಮಿದೇವಮ್ಮನ ಮಡಿಗೆ ನಾನೇ ಸರ್ಟಿಫಿಕೇಟ್ ಬರೆದುಕೊಟ್ಟ ಹಾಗೆ. ಅದು ನನ್ನ ಕೈಯಲ್ಲಿ ಆಗದು.

ಹನ್ನೆರಡೂವರೆಗೆ ಆಫೀಸಿನಿಂದ ಯಂತ್ರದೊಳಗೆ ಹೋದೆ. ಬ್ರಿಡ್ಜ್‌ನಿಂದ ಪೋರ್ಟ್ ಕಿತ್ತೆ. ಅವತ್ತು ತಪ್ಪಿ ಆದದ್ದು ಇವತ್ತು ಬೇಕೆಂದೇ. ಸ್ಕ್ರೀನ್ ನಿಂತಿತು. ನೆಟ್‌ವರ್ಕ್ ಹೋಯಿತು ಸಾರ್ ಎಂದೆ. ಒಳಗೆ ಹೋಗಿ ಸರಿಮಾಡಮ್ಮ ಎಂದರು.

"ಇವತ್ತು ನಾನು ಒಳಗೆ ಹೋಗೋ ಹಾಗಿಲ್ಲ ಸಾರ್."

ಅವರ ನಿಯಮ, ಅವರ ಮುಖಕ್ಕೇ. ನರಸಿಂಹಪ್ಪನವರು ತಟ್ಟನೆ ಬೇರೆ ಕಡೆ ನೋಡಿ ಮೊಬೈಲ್ ತೆಗೆದರು. ಮೂರು ದಿನ ಆ ಯಂತ್ರವನ್ನು ಸರಿಮಾಡುವವರಿಲ್ಲ. ಒಳಗೊಳಗೇ ಕುಣಿದೆ.

ಲಕ್ಷ್ಮಿದೇವಮ್ಮ ಕ್ಯಾಲೆಂಡರ್ ಮುಂದೆ ನಿಂತು ಬೆರಳ ಗೆಣ್ಣು ಎಣಿಸಿದರು. ನನ್ನ ಕಡೆ ತಿರುಗಿದರು.

"ಇನ್ನಾ ನಾಲ್ಕು ದಿನ ಇತ್ತಲ್ಲಮ್ಮ."

ಬಂತು, ಏನು ಮಾಡಲಿ ಎಂದೆ. ಪೆನ್ಸಿಲ್ ತೆಗೆದು ಗೆರೆ ಎಳೆದರು. ನಂಬಿದರೋ, ನಂಬಿದ ಹಾಗೆ ಮಾಡಿದರೋ, ಗೊತ್ತಾಗಲಿಲ್ಲ. ಈಗ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ.


ಅದೇ ದಿನ. ಸಂಜೆ 5

ಬಂತು. ನೆಟ್‌ವರ್ಕ್ ತಿರುಗಿ ಬಂತು. 1.55ಕ್ಕೆ.

ಎರಡನೇ ಕೋಣೆಯಲ್ಲಿ ಹೊಸ ಹುಳ ಇವತ್ತೇ ಜ್ವರಕ್ಕೆ ಕೂತಿದ್ದವು. ಸಿಟ್ಟಿನಲ್ಲಿ ಅದು ನೆನಪಾಗಲೇ ಇಲ್ಲ. ಮಂಜು ಒಂದೂವರೆಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಶಮ್ಸು ಆಪಾ ಈ ಸಲ ನನ್ನನ್ನೂ ಕೇಳಲಿಲ್ಲ, ನನ್ನ ಬೋರ್ಡನ್ನೂ ಲೆಕ್ಕಿಸಲಿಲ್ಲ. ಮಂಜಿನ ಸ್ವಿಚ್ ಆರಿಸಿದಳು. ಆಮೇಲೆ ಯಂತ್ರ ಆಫ್ ಮಾಡಿ ಆನ್ ಮಾಡಿದಳು. ಫೈಲಿನಲ್ಲಿ ಸರಿಯಾಗಿ ಬರೆದಿಟ್ಟಿದ್ದೆನಲ್ಲ, ಬ್ರಿಡ್ಜ್ ತಾನಾಗಿಯೇ ಎದ್ದಿತು.

ಕಿಟಕಿಗೆ ಓಡಿದೆ. ಏಕೆ ಮಾಡಿದೆ, ಇದು ನಿನಗಾಗಿಯೇ ಅಲ್ಲವೇ, ನಾಳೆ ಆ ಪಟ್ಟಿ ಬಂದರೆ ನಿನ್ನ ಗತಿಯೇನು ಎಂದು ಜಾಲರಿ ಗುದ್ದಿದೆ.

"ಗೊತ್ತಮ್ಮ. ಅದಕ್ಕೇನ್ಮಾಡ್ಲಿ? ಹುಳ ನೆನೀತಾ ಇದ್ವು."

ಸುಣ್ಣದ ಬಟ್ಟಲು ತೆಗೆದುಕೊಂಡು ತಟ್ಟೆಗಳ ಕಡೆ ಹೋದಳು. ಎಲ್ಲ ಗೊತ್ತಿದ್ದೇ ಒತ್ತಿದ್ದಾಳೆ. ಅವಳಿಗೆ ಇಪ್ಪತ್ತೈದು ನಿಮಿಷ ಸಾಕಾಯಿತು. ಅವತ್ತು ನನಗೆ ನಾಲ್ಕು ಗಂಟೆ ನಲವತ್ತು ನಿಮಿಷ ಸಾಲಲಿಲ್ಲ, ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು.

ನರಸಿಂಹಪ್ಪನವರು ಜಗಲಿಯಿಂದಲೇ ಕೂಗಿ ಹೇಳಿದರು, ಬಂತಲ್ಲ, ಬೆಳಿಗ್ಗೆ ಮೊದಲು ಪಟ್ಟಿ ತೆಗಿ ಎಂದು.


ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 10.40, ಆಫೀಸು

ಹೊಸ ಹುಳ ಎಲ್ಲ ಒಟ್ಟಿಗೆ ಎದ್ದಿವೆ. ಬೆಳಿಗ್ಗೆ ನೋಡಿಬಂದೆ. ಹೌದು, ಒಳಗೆ ಹೋಗಿ. ಬೆರಳಿಟ್ಟು, ಬಾಗಿಲು ತೆರೆದು, ಲಕ್ಷ್ಮಿದೇವಮ್ಮನ ಕಣ್ಣೆದುರಿಗೇ. ನಿನ್ನೆ ಎಳೆದ ಗೆರೆ ಕ್ಯಾಲೆಂಡರ್‌ನಲ್ಲಿ ಹಾಗೇ ಇತ್ತು. ನಾನು ನಿಲ್ಲಲಿಲ್ಲ.

ಎರಡನೇ ಕೋಣೆಯ ಸ್ವಿಚ್ ಪಕ್ಕದ ಬೋರ್ಡ್ ಕಿತ್ತು ತಂದೆ. ಮೇಜಿನ ಮೇಲಿದೆ.

ಪ್ರಿಂಟ್ ತೆಗೆದಿದ್ದೇನೆ. ಒಂದೇ ಹಾಳೆ. ಬೆರಳಚ್ಚಿನ ಪಟ್ಟಿ ಅಲ್ಲ. ಎರಡನೇ ಕೋಣೆಯ ತೇವದ ಲಾಗ್, ಮಾರ್ಚ್ 5. ಖಾಲಿ ಇರುವ ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ.

ಕೆಲಸ ಹೋಗುತ್ತದೆ. ಹೋಗಲಿ. ಚೆನ್ನರಾಯಪ್ಪನವರು ಬೈಯುತ್ತಾರೆ, ಬೈಯಬೇಕು. ಅವರ ಮನೆಯವರೆಲ್ಲ ಹದಿನೇಳು ದಿನ ನಿದ್ದೆ ಬಿಟ್ಟು ಸಾಕಿದ ಹುಳ ಅದು. ಪಟ್ಟಿ ಬೇಕೇ ಬೇಕು ಎಂದು ನರಸಿಂಹಪ್ಪನವರು ಹಟ ಹಿಡಿದರೆ ಅದನ್ನೂ ಕೇಳಿಬಿಡುತ್ತೇನೆ — ಹನ್ನೊಂದು ವರ್ಷ ನಿಮ್ಮ ಹುಳ ಬದುಕಿಸಿದವರನ್ನು ಆಚೆಗೆ ಹಾಕಿ ನಾಳೆ ಸೊಪ್ಪು ಹಾಕುವವರು ಯಾರು, ನಿಮ್ಮ ಕ್ಯಾಲೆಂಡರಾ ಎಂದು. ಕೂಗದೆ ಕೇಳಬೇಕು. ಕೂಗಿದರೆ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಮುಗಿಸಿಬಿಡುತ್ತಾರೆ.

ಶಮ್ಸು ಆಪಾ ಕೋಣೆಯ ಬಾಗಿಲಲ್ಲಿ ನಿಂತು ಈ ಕಡೆಯೇ ನೋಡುತ್ತಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ.

ಬೈಕ್ ಸದ್ದು. ಹತ್ತು ನಿಮಿಷ ಮುಂಚೆಯೇ ಬಂದರು. ನರಸಿಂಹಪ್ಪನವರು ಎದ್ದು ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚುತ್ತಿದ್ದಾರೆ, ಪಟ್ಟಿ ತಗೊಂಡು ಬಾಮ್ಮ ಎನ್ನುತ್ತಿದ್ದಾರೆ.

ಹೇಳಬೇಕಾದದ್ದು ಒಂದೇ ಸಾಲು. ಬರೆದು ನೋಡಿಕೊಳ್ಳುತ್ತೇನೆ, ಬಾಯಿ ತಡವರಿಸಬಾರದು.

ಚೆನ್ನರಾಯಪ್ಪನವರೇ, ನಿಮ್ಮ ಹುಳಕ್ಕೆ ಮೈಲಿಗೆ ಆಗಿಲ್ಲ. ಐದನೇ ತಾರೀಕು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ನಾನು